ಏಡಿಯಾಟ

ಹಟ್ಟಿ ಕ್ಯಾಂಪಿನ ಬಸ್‌ಸ್ಟ್ಯಾಂಡಿನ ಹಿಂದೆ
ಬುಡೇನಸಾಬನ ತಗಡಿನ ಶೆಡ್ಡು.
ಒಳಗೆ ಒಂದೇ ಒಂದು ಪೆಟ್ಟಿಗೆ, ಬೀರುವಿನಷ್ಟು ಎತ್ತರ,
ಬೊಂಬಾಯಿಯ ಯಾವುದೋ ಹೋಟೆಲು ಬೇಡವೆಂದು ಮಾರಿದ್ದು.
ಹೆಸರು ಇಂಗ್ಲಿಷಿನಲ್ಲಿತ್ತು, ಅರ್ಧ ಸವೆದಿತ್ತು.
ನಾವು ಕರೆದದ್ದು ಏಡಿಯಾಟ.

ಎಂಟಾಣೆಗೆ ಮೂರು ಜೀವ.
ಐದು ಸಾಲು, ಸಾಲಿಗೆ ಹನ್ನೊಂದು ಏಡಿ,
ಪಕ್ಕಕ್ಕೆ ಸರಿದು ಸರಿದು ಅಂಚು ಮುಟ್ಟಿ
ಒಂದು ಮೆಟ್ಟಿಲು ಇಳಿದು ಮತ್ತೆ ಪಕ್ಕಕ್ಕೆ.
ಧಬ್, ಧಬ್, ಧಬ್, ಧಬ್:
ಆ ಸದ್ದು ನಮಗೆ ಹೊಸದಲ್ಲ,
ಅದಿರು ಅರೆಯುವ ಗಿರಣಿಯ ಮಗ್ಗುಲಲ್ಲೇ ತೊಟ್ಟಿಲು ತೂಗಿದವರು.
ಹೊಸದೆಂದರೆ, ಕೊಂದಷ್ಟೂ ಉಳಿದವು ಚುರುಕಾಗುವುದು.
ಐವತ್ತೈದಿದ್ದಾಗ ಮುದುಕರ ನಡಿಗೆ,
ಒಂದೇ ಉಳಿದರೆ ಬಾಲಕ್ಕೆ ಬೆಂಕಿ ಬಿದ್ದ ಹೆಗ್ಗಣ.
ಮರೆಗೆ ನಾಲ್ಕು ಗೋಡೆ ಕೊಟ್ಟಿದ್ದರು.
ಏಡಿಗಳು ತಿಂದದ್ದಕ್ಕಿಂತ
ನಾವೇ ಅಡಿಯಿಂದ ತೂತು ಹೊಡೆದದ್ದು ಹೆಚ್ಚು.

ಒಂದು ಸಂಜೆ ಅಪ್ಪ ಹುಡುಕಿಕೊಂಡು ಬಂದ.
ಶಿಫ್ಟು ಮುಗಿಸಿ ಮಿಂದ ತಲೆ ಇನ್ನೂ ಒದ್ದೆ.
ಬೈಯಲಿಲ್ಲ. ಬೆನ್ನ ಹಿಂದೆ ನಿಂತು ಕೇಳಿದ:
‘ಎಷ್ಟನೇ ಲೆವೆಲ್ಲೋ?’
‘ಮೂರನೇದು.’
‘ನಾ ಇವತ್ತು ಹತ್ತೊಂಬತ್ತನೇದ್ರಾಗಿದ್ದೆ.’
ಚಂದಾವಲಿ ನಕ್ಕ, ಶೆಡ್ಡೆಲ್ಲ ನಕ್ಕಿತು, ಅಪ್ಪನೂ.

ಆಮೇಲೆ ತಾನೇ ಎಂಟಾಣೆ ಹಾಕಿದ.
ಗುಂಡಿನ ಗುಂಡಿ ಮುಟ್ಟಲೇ ಇಲ್ಲ.
ತಲೆ ವಾರೆ ಮಾಡಿ, ಕಿವಿಗೊಟ್ಟು,
ಬೀಳುವ ಪ್ರತಿಯೊಂದಕ್ಕೂ ಅರ್ಧ ಹೆಜ್ಜೆ ಸರಿದ.
‘ಮ್ಯಾಲಿಂದ ಬೀಳೋದಕ್ಕ ಗುಂಡ್ಯಾಕ ಬೇಕು,
ಸರದು ನಿಂದ್ರಬೇಕಷ್ಟ.’
ಐವತ್ತೈದೂ ಇಳಿದು ನೆಲ ಮುಟ್ಟಿದವು,
ಒಂದೂ ಅವನನ್ನು ಹೊಡೆದಿರಲಿಲ್ಲ.
‘ಸ್ಕೋರು ಸೊನ್ನೆ, ಮಾಮಾ,’ ಅಂದ ಬುಡೇನಸಾಬ,
ಯಾಕೋ ಎಂಟಾಣೆ ವಾಪಸು ಕೊಟ್ಟ.

ಗಾಜು ಬಿಚ್ಚಿ ಒರೆಸುವ ದಿನ ಗುಟ್ಟು ಕಂಡಿತು:
ಮೇಲೆ ಕಿತ್ತಳೆ, ಕೆಳಗೆ ಹಸಿರು,
ಎರಡೂ ಅಂಟಿಸಿದ ಬಣ್ಣದ ಹಾಳೆ.
ಅಡಿಯಲ್ಲಿ ಏಡಿಗಳೆಲ್ಲ ಬರೀ ಬಿಳಿ.

ಹನುಮೇಶ ಮಾವ ಹೈದರಾಬಾದಿನಿಂದ ತಂದ
ಮನೆಯ ಏಡಿಯಾಟ ಒಂದು ಕರಿ ಡಬ್ಬಿ.
ಟಿವಿಯ ಬೆನ್ನಿಗೆ ವೈರು ಚುಚ್ಚಿದರೆ
ಸಾಲಿಗೆ ಆರೇ ಏಡಿ, ಗೋಡೆ ಮೂರೇ.
ಏಡಿಗಳೋ, ಅಚ್ಚು ತಪ್ಪಿದ ಚಕ್ಕಲಿ.
ಬಳೆ ಅಂಗಡಿಯ ಬಣ್ಣದ ಹಾಳೆ ಕತ್ತರಿಸಿ
ಗಂಜಿ ಹಚ್ಚಿ ಗಾಜಿಗೆ ಅಂಟಿಸಿದೆ.
ವಾರ್ತೆ ಓದುವವಳ ಗದ್ದ ಹಸಿರಾಯಿತೆಂದು
ಅಕ್ಕ ಮಾನಮ್ಮ ಮೂರು ದಿನ ಮಾತು ಬಿಟ್ಟಳು.

ಅದು ನನ್ನದೆಂದು ತಿಳಿದಿದ್ದೆ.
ನೀರು ಕುಡಿಯಲು ಎದ್ದ ಒಂದು ರಾತ್ರಿ
ಪಡಸಾಲೆಯಲ್ಲಿ ಹಸಿರು ಬೆಳಕು.
ಅವ್ವ, ಸದ್ದು ಪೂರಾ ಇಳಿಸಿ,
ಹಿಟ್ಟು ನಾದುವ ಬಲಗೈಯಲ್ಲಿ ಕಡ್ಡಿ ಹಿಡಿದು,
ಮೂವತ್ತೈದನ್ನು ಕಾಳು ಆರಿಸಿದಂತೆ ಆರಿಸಿ
ಕೊನೆಯದನ್ನು ಬಿಟ್ಟಳು.
ಅದು ಓಡಿತು, ಇಳಿಯಿತು, ಓಡಿತು, ಇಳಿಯಿತು.
‘ಹೊಡಿಯವ್ವ!’
‘ಇರ್ಲಿ ತಡಿ.’
ಕೊನೆಯ ಮೆಟ್ಟಿಲಿಗೆ ಬರಗೊಟ್ಟು ಆಗ ಒತ್ತಿದಳು.
ಮತ್ತೆ ಹೊಸ ಮೂವತ್ತಾರು.

‘ಯಾವಾಗ ಕಲ್ತಿ?’
‘ನಿಮ್ಮಪ್ಪಗ ರಾತ್ರಿ ಪಾಳಿ ಬಿದ್ದಾಗಿಂದ.’

ಸ್ಕೋರು ಎಷ್ಟೆಂದು ಅವಳು ನೋಡುತ್ತಿರಲಿಲ್ಲ.
ಈಗ ಫೋನಿನಲ್ಲಿ ಪೂರಾ ಹನ್ನೊಂದು, ಪೂರಾ ನಾಲ್ಕು ಗೋಡೆ,
ಬಣ್ಣವೂ ಒಳಗಿನಿಂದಲೇ ಬರುತ್ತದೆ.
ಆಡಿದೆ. ಚೆನ್ನಾಗಿದೆ.

ಅಲ್ಲಿ, ಬೆಳಗಿನ ಭೋಂಗಾ ಕೂಗಿದಾಗ
ಆಟ ನಡುವಿದ್ದರೂ ಅವ್ವ ಸ್ವಿಚ್ಚು ತಿರುವುತ್ತಿದ್ದಳು.
ಏಡಿಗಳೆಲ್ಲ ಒಳಕ್ಕೆ ಸೇದಿಹೋಗಿ
ನಡುವೆ ಒಂದು ಬಿಳಿ ಚುಕ್ಕೆ ತುಸು ಹೊತ್ತು ಉಳಿಯುತ್ತಿತ್ತು.
ಅದು ಆರುವವರೆಗೂ ನಿಂತಿದ್ದು
ಆಮೇಲೆ ಒಲೆ ಹಚ್ಚಲು ಹೋಗುತ್ತಿದ್ದಳು.